ಸೋರೆಬುರುಡೆಯ ಬಾರ್ಲಿ: ಸುವೊನ್‌ನಲ್ಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ಪತ್ರಕ್ಕೆ ಉತ್ತರವನ್ನು ನಿನಗೊಬ್ಬಳಿಗೇ ಬರೆಯದೆ ಪತ್ರಿಕೆಗೂ ಕಳಿಸುತ್ತಿದ್ದೇನೆ. ನೀನು ಕೇಳಿದ್ದನ್ನೇ ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ಕೇಳುತ್ತಿರುತ್ತಾರೆ. ಅವರೂ ಓದಲಿ.

ನಿನ್ನ ಮನೆ ಮಾಲೀಕರಾದ ಅಜ್ಜಿ ಹೇಳಿದ ಸಂಗತಿಯನ್ನು ಮೊದಲು ಓದುಗರಿಗೆ ತಿಳಿಸಿಬಿಡುತ್ತೇನೆ. 1950ರ ದಶಕದ ಕೊನೆ, ದಕ್ಷಿಣ ಕೊರಿಯಾದ ಜೊಲ್ಲಾ ಸೀಮೆಯ ಒಂದು ಹಳ್ಳಿ. ಅವರಿಗಾಗ ಏಳೆಂಟು ವರ್ಷ. ಮೇ ತಿಂಗಳ ಸಂಜೆ, ಕತ್ತಲು ಕವಿಯುವ ಹೊತ್ತಿಗೆ, ಅವರಜ್ಜಿ ಮಡಕೆಯ ತಳದಲ್ಲಿ ಉಳಿದಿದ್ದ ಹಿಂದಿನ ವರ್ಷದ ಬಾರ್ಲಿಯನ್ನು ಸೋರೆಬುರುಡೆಯ ಬಟ್ಟಲಿಗೆ ತುಂಬಿ, ಮೇಲೊಂದು ಬಟ್ಟೆ ಮುಚ್ಚಿ, ಪಕ್ಕದ ಗದ್ದೆಯವರ ಮನೆಗೆ ಕೊಟ್ಟು ಬಾ ಎನ್ನುತ್ತಿದ್ದರು. ಅಲ್ಲಿ ಹೇಳಬೇಕಾದ ಮಾತು ಒಂದೇ: "ಅವತ್ತು ಇಸಕೊಂಡಿದ್ದನ್ನು ಅಜ್ಜಿ ವಾಪಸ್ ಕಳಿಸಿದ್ದಾರೆ." ಹುಡುಗಿ ಬಟ್ಟಲನ್ನು ಜಗಲಿಯ ಹಲಗೆಯ ಮೇಲಿಟ್ಟು, ಒಳಗೆ ಇಣುಕದೆ, ಬಟ್ಟಲಿಗಾಗಿ ಕಾಯದೆ ಬಂದುಬಿಡಬೇಕು. ಇಸಕೊಂಡಿದ್ದು ಯಾವಾಗ ಎಂದು ಅವರು ಒಮ್ಮೆ ಕೇಳಿದಾಗ ಅಜ್ಜಿ ಉತ್ತರ ಕೊಡಲಿಲ್ಲ. ಏನೂ ಇಸಕೊಂಡಿರಲೇ ಇಲ್ಲ ಎಂದು ಗೊತ್ತಾಗಿದ್ದು ಬೆಳೆದು ದೊಡ್ಡವರಾದ ಮೇಲೆ.

ಇದನ್ನು ಬರೆದು ನೀನು ಕೇಳಿದೆ: "ಒಳ್ಳೆಯ ಕೆಲಸಕ್ಕೆ ಸುಳ್ಳು ಯಾಕೆ ದೊಡ್ಡಮ್ಮ? ಕೊಡುತ್ತಿದ್ದೇವೆ ಎಂದು ನೇರವಾಗಿ ಹೇಳಿದರೆ ತಪ್ಪೇನು?" ಜೊತೆಗೆ, ನಿಮ್ಮ ಗುಂಪು ಚಳಿಗಾಲದಲ್ಲಿ ಒಂಟಿಯಾಗಿರುವ ಮುದುಕರಿಗೆ ಅಕ್ಕಿ, ಕಿಮ್ಚಿ ಹಂಚಿದ ಫೋಟೊಗಳನ್ನೂ ಕಳಿಸಿದ್ದೀಯ. ಹಂಚಿದ್ದು ತುಂಬಾ ಒಳ್ಳೆಯದಾಯಿತು. ಫೋಟೊಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಆ ಸಂಜೆ ಯಾಕೆ ಮೇ ತಿಂಗಳದ್ದು ಎನ್ನುವುದನ್ನು ಮೊದಲು ತಿಳಿದುಕೋ. ಕೊರಿಯಾದ ಬೇಸಾಯದಲ್ಲಿ ಭತ್ತ ಮನೆಗೆ ಬರುವುದು ಶರತ್ಕಾಲದಲ್ಲಿ. ಗೇಣಿ, ಸಾಲ ಎಲ್ಲ ಕಳೆದು ಉಳಿದ ಅಕ್ಕಿ ಚಳಿಗಾಲ ದಾಟುವಷ್ಟರಲ್ಲಿ ಮುಗಿಯುತ್ತಿತ್ತು. ಗದ್ದೆಯಲ್ಲಿ ಬಾರ್ಲಿ ಇನ್ನೂ ಹಸಿರು, ಕೊಯ್ಲಿಗೆ ಜೂನ್ ಬರಬೇಕು. ನಡುವಿನ ಆ ವಾರಗಳಿಗೆ ಅವರು ಬೊರಿಕ್ಕೊಗೆ ಎನ್ನುತ್ತಾರೆ, ಬಾರ್ಲಿಯ ಕಣಿವೆ ದಾರಿ. ಜನ ಗುಡ್ಡದ ಸೊಪ್ಪು, ಬೇರು, ಪೈನ್ ಮರದ ಒಳತೊಗಟೆ ತಿಂದು ಅದನ್ನು ದಾಟುತ್ತಿದ್ದರು. ಇದು ಯಾವುದೋ ಪುರಾಣಕಾಲದ ಮಾತಲ್ಲ. 1970ರ ದಶಕದಲ್ಲಿ ತೊಂಗಿಲ್ ಎಂಬ ಹೆಚ್ಚು ಇಳುವರಿಯ ಭತ್ತ ಹಳ್ಳಿ ಹಳ್ಳಿಗೆ ಬರುವವರೆಗೂ ಈ ಹಸಿವಿನ ನೆನಪು ಅಲ್ಲಿ ಹಸಿಯಾಗಿಯೇ ಇತ್ತು. ಆ ತಳಿಯನ್ನು ನಾಡಿಗೆ ಹಬ್ಬಿಸಿದ ಕೃಷಿ ಇಲಾಖೆಯ ಕೇಂದ್ರ ಆಗ ಇದ್ದದ್ದು ನೀನಿರುವ ಸುವೊನ್‌ನಲ್ಲೇ. 2014ರಲ್ಲಿ ಅದು ಜೊನ್‌ಜುಗೆ ಹೋಯಿತು.

ಈಗ ನಿನ್ನ ಪ್ರಶ್ನೆ. ಆ ಪಕ್ಕದ ಮನೆಯವರು ಭಿಕ್ಷುಕರಲ್ಲ. ಇನ್ನು ಕೆಲವೇ ದಿನಕ್ಕೆ ನಾಟಿ. ನಾಟಿಗೆ ಆ ಮನೆಯ ಗಂಡಸು, ಹೆಂಗಸು ಈ ಅಜ್ಜಿಯ ಗದ್ದೆಗೆ ಬರಬೇಕು, ಮಾರನೆಯ ದಿನ ಈ ಮನೆಯವರು ಅವರ ಗದ್ದೆಗೆ ಇಳಿಯಬೇಕು. ನಮ್ಮಲ್ಲಿ ಮುಯ್ಯಾಳು ಎಂದರೆ ಏನೋ ಅಲ್ಲಿ ಪುಮಾಸಿ ಎಂದರೆ ಅದೇ. ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆ, ಅಲ್ಲಿ ಮೇಲು ಕೀಳಿಲ್ಲ. ಮುಯ್ಯಿ ನಿಲ್ಲುವುದೇ ಇಬ್ಬರೂ ಸಮ ಎಂಬ ನಂಬಿಕೆಯ ಮೇಲೆ. ಅಂಥ ಕಡೆ "ನಿಮಗೆ ತಿನ್ನಲಿಕ್ಕಿಲ್ಲವಲ್ಲ, ತಗೊಳ್ಳಿ" ಎಂದುಬಿಟ್ಟರೆ ಆ ಸಮ ಮುರಿಯಿತು. ನಾಳೆ ಗದ್ದೆಯಲ್ಲಿ ಅವರು ತಲೆ ತಗ್ಗಿಸಿ ನಿಲ್ಲಬೇಕು. ಅದಕ್ಕೇ ಆ ಅಜ್ಜಿ ಕೊಡುವುದನ್ನು ತೀರಿಸುವುದು ಎಂದು ಕರೆದರು. ಸಾಲಗಾರರ ಜಾಗದಲ್ಲಿ ತಾವು ನಿಂತರು. ಆ ಮಾತು ನಿಜವಲ್ಲ ಎಂದು ಪಕ್ಕದ ಮನೆಯವರಿಗೂ ಗೊತ್ತಿತ್ತು, ಗೊತ್ತಿದ್ದೂ ಬಟ್ಟಲನ್ನು ಒಳಗೆ ತೆಗೆದುಕೊಂಡರು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬಾರದು ಮಗಳೇ.

ಅಲ್ಲಿನ ಹಳ್ಳಿಗಳಲ್ಲಿ ದುರೆ ಎಂಬ ಇನ್ನೊಂದು ಪದ್ಧತಿಯೂ ಇತ್ತು. ಊರಿನ ದುಡಿಯುವವರೆಲ್ಲ ಒಟ್ಟಾಗಿ, ತಾಳ ಮದ್ದಳೆ ಬಾರಿಸಿಕೊಂಡು, ಇಡೀ ಊರಿನ ನಾಟಿ, ಕಳೆ ಮುಗಿಸುತ್ತಿದ್ದರು. ಗಂಡಸಿಲ್ಲದ ಮನೆಯ ಗದ್ದೆ, ಕಾಯಿಲೆ ಬಿದ್ದವರ ಗದ್ದೆ ಆ ಸರದಿಯಲ್ಲೇ ಮುಗಿದುಹೋಗುತ್ತಿತ್ತು, ಯಾರೂ ಬಂದು ಬೇಡಬೇಕಾಗಿರಲಿಲ್ಲ. ಸಹಾಯ ಪದ್ಧತಿಯೊಳಗೇ ಸೇರಿಕೊಂಡಿತ್ತು.

ನಾನು ನಿನ್ನ ಹತ್ತಿರ ಬಂದಿದ್ದಾಗ ಗುರ್ಯೆಗೆ ಹೋಗಿ ಉನ್‌ಜೊರು ಮನೆ ನೋಡಿದ್ದು ನೆನಪಿದೆಯಲ್ಲ? ಜಿರಿಸಾನ್ ಬೆಟ್ಟದ ಬುಡದಲ್ಲಿ, ಎದುರಿಗೆ ಗದ್ದೆ ಬಯಲು, ಅದರಾಚೆ ಸೊಮ್‌ಜಿನ್ ನದಿ. ರ್ಯು ಇಜು ಎಂಬ ಸೇನಾಧಿಕಾರಿ 1776ರಲ್ಲಿ ಕಟ್ಟಿಸಿದ ಮನೆ. ನೀನು ಮರದ ಕಂಬ, ಹೆಂಚಿನ ಸೂರಿನ ಫೋಟೊ ತೆಗೆಯುತ್ತಿದ್ದೆ, ನಾನು ಮಾತ್ರ ಅಕ್ಕಿಯ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಿದ್ದೆ. ಒಂದೇ ದಪ್ಪ ಮರದ ದಿಮ್ಮಿಯನ್ನು ಒಳಗೆ ಕೊರೆದು ಮಾಡಿದ್ದು. ಕೆಳಗಡೆ ಅಂಗೈ ಅಗಲದ ಒಂದು ಕಿಂಡಿ, ಅದಕ್ಕೊಂದು ಮರದ ಬಿರಟೆ. ಅದರ ಮೇಲೆ ನಾಲ್ಕು ಚೀನೀ ಅಕ್ಷರ: ಬೇರೆಯವರೂ ತೆರೆಯಬಹುದು. ಹಸಿದವರು ಬಂದು ಬಿರಟೆ ತಿರುಗಿಸಿ, ಬೇಕಾದಷ್ಟು ಅಕ್ಕಿ ಹಿಡಿದುಕೊಂಡು, ಮತ್ತೆ ಮುಚ್ಚಿ ಹೋಗುತ್ತಿದ್ದರು.

ನನ್ನ ಮನಸ್ಸು ಹಿಡಿದದ್ದು ಪೆಟ್ಟಿಗೆಗಿಂತ ಅದನ್ನಿಟ್ಟ ಜಾಗ. ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗಬಹುದಾದ ಕಡೆ ಅದನ್ನಿಟ್ಟಿದ್ದರು. ತಿಂಗಳ ಕೊನೆಗೆ ಅಕ್ಕಿ ಉಳಿದಿದ್ದರೆ ಹಿರಿಯರು ಸೊಸೆಯನ್ನು ಗದರುತ್ತಿದ್ದರಂತೆ, ಊರವರು ಬರದಷ್ಟು ನಮ್ಮ ಮನೆ ಬಿಗಿಯಾಯಿತೇ ಎಂದು. ಬೆಳೆದದ್ದರಲ್ಲಿ ಸುಮಾರು ಐದನೇ ಒಂದು ಪಾಲು ಹೀಗೆ ಹೋಗುತ್ತಿತ್ತೆಂದು ಹೇಳುತ್ತಾರೆ. ಹೊಗೆಗೂಡುಗಳನ್ನು ನೋಡಿದೆಯಾ? ಸೂರಿನ ಮೇಲಿರಲಿಲ್ಲ, ನೆಲದ ಮಟ್ಟದಲ್ಲೇ ಇದ್ದವು. ಒಲೆ ಹೊತ್ತದ ಮನೆಯವರಿಗೆ ಈ ಮನೆಯ ಅಡುಗೆಯ ಹೊಗೆ ಕಾಣಬಾರದೆಂದು ಹಾಗೆ ಕಟ್ಟಿದ್ದಂತೆ. ಇಷ್ಟು ದೂರ ಯೋಚಿಸಿ ಮನೆ ಕಟ್ಟಿದವರ ಮುಂದೆ ನನಗೆ ಕೈಮುಗಿಯಬೇಕೆನ್ನಿಸಿತು. 1948ರ ಕೊನೆಯಿಂದ ಯುದ್ಧದ ವರ್ಷಗಳವರೆಗೆ ಜಿರಿಸಾನ್ ಸುತ್ತ ದಂಗೆಕೋರರೂ ಸೈನ್ಯವೂ ಬಡಿದಾಡಿ ಎಷ್ಟೋ ಊರುಗಳು ಸುಟ್ಟುಹೋದವು. ಈ ಮನೆ ಉಳಿಯಿತು. ಊರಿನವರೇ ಉಳಿಸಿಕೊಂಡರು ಎನ್ನುತ್ತಾರೆ ಅಲ್ಲಿಯ ಜನ.

ಗ್ಯೊಂಗ್‌ಜು ಊರಿನ ಚೊಯ್ ಮನೆತನದ್ದು ಇದಕ್ಕಿಂತ ಕಟ್ಟುನಿಟ್ಟು. ಹಲವು ತಲೆಮಾರು ಸಿರಿವಂತರಾಗಿದ್ದ ಮನೆ. ಅವರು ಮಕ್ಕಳಿಗೆ ಹಾಕಿಕೊಟ್ಟ ನಿಯಮಗಳಲ್ಲಿ, ಸುತ್ತಲ ನೂರು ರೀ, ಅಂದರೆ ಸುಮಾರು 40 ಕಿಲೋಮೀಟರ್ ಒಳಗೆ ಯಾರೂ ಹಸಿವಿನಿಂದ ಸಾಯಬಾರದು ಎಂಬುದು ಎಲ್ಲರಿಗೂ ಗೊತ್ತು. 1670-71ರ ಘೋರ ಕ್ಷಾಮದಲ್ಲಿ ಆ ಮನೆಯ ಚೊಯ್ ಗುಕ್‌ಸೊನ್ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು ಗಂಜಿ ಬೇಯಿಸಿ ಹಾಕಿಸಿದರಂತೆ. ನನಗೆ ಹೆಚ್ಚು ದೊಡ್ಡದಾಗಿ ಕಂಡದ್ದು ಇನ್ನೊಂದು ನಿಯಮ: ಬರಗಾಲದ ವರ್ಷ ಜಮೀನು ಕೊಳ್ಳಬಾರದು. ಹಸಿದವನು ಒಂದು ಬಟ್ಟಲು ಗಂಜಿಗೂ ಗದ್ದೆ ಬರೆದುಕೊಡುತ್ತಾನೆ. ಹಾಗೆ ಕೊಂಡದ್ದಕ್ಕೆ ಕಾನೂನಿನ ತಕರಾರಿಲ್ಲ, ಪತ್ರ ಸರಿಯಿರುತ್ತದೆ, ಸಾಕ್ಷಿಗಳೂ ಇರುತ್ತಾರೆ. ಆದರೂ ಕೊಳ್ಳಬೇಡ ಎಂದರು. ನೆರೆಯವನ ಕೆಟ್ಟ ವರ್ಷದಿಂದ ಲಾಭ ಮಾಡಿಕೊಳ್ಳದೆ ಇರುವುದು ಮೊದಲು, ಅಕ್ಕಿ ಕೊಡುವುದು ಆಮೇಲೆ. ಈ ಕ್ರಮವನ್ನು ಅದಲುಬದಲು ಮಾಡಿದವರು ಎಲ್ಲ ದೇಶಗಳಲ್ಲೂ ಇದ್ದಾರೆ, ಒಂದು ಕೈಯಲ್ಲಿ ಗದ್ದೆ ಬರೆಸಿಕೊಂಡು ಇನ್ನೊಂದು ಕೈಯಲ್ಲಿ ಅನ್ನ ಹಾಕಿದವರು.

ಇಷ್ಟೆಲ್ಲ ಹೊಗಳಿದ ಮೇಲೆ ಇದನ್ನೂ ಹೇಳಲೇಬೇಕು. ಆ ಪೆಟ್ಟಿಗೆಯ ಅಕ್ಕಿಯನ್ನು ಬೆಳೆದವರು ಗೇಣಿದಾರರು, ಆಳುಗಳು. ಜಪಾನೀಯರ ಆಳ್ವಿಕೆಯ ಕಾಲಕ್ಕೆ ಗೇಣಿ ಬೆಳೆಯ ಅರ್ಧ, ಕೆಲವು ಕಡೆ ಅದಕ್ಕೂ ಹೆಚ್ಚು. ಒಳ್ಳೆಯ ಧಣಿಯ ಪೆಟ್ಟಿಗೆ ಆ ಲೆಕ್ಕವನ್ನು ಸರಿಮಾಡದು. ಸರಿಮಾಡಿದ್ದು 1949ರ ಭೂಸುಧಾರಣೆ ಕಾನೂನು. ಒಂದು ಮನೆಗೆ ಸುಮಾರು 3 ಹೆಕ್ಟೇರ್ ಮಾತ್ರ, ಮಿಕ್ಕದ್ದು ಉಳುವವನಿಗೆ. ಅವನು ವರ್ಷದ ಬೆಳೆಯ ಒಂದೂವರೆ ಪಟ್ಟನ್ನು 5 ವರ್ಷದ ಕಂತಿನಲ್ಲಿ ಕಟ್ಟಬೇಕಿತ್ತು. ನಮ್ಮಲ್ಲಿ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರ ಮನೆಗಳಲ್ಲಿ ಆದ ಸಂತೋಷ ನಾನು ಕಣ್ಣಾರೆ ಕಂಡದ್ದು, ಹಾಗಾಗಿ ಅದರ ಬೆಲೆ ನನಗೆ ಗೊತ್ತು. ಔದಾರ್ಯವನ್ನು ಹೊಗಳುವ ಭರದಲ್ಲಿ ಹಕ್ಕನ್ನು ಮರೆಯಬೇಡ.

ಹಾಗಿದ್ದರೂ ಹಕ್ಕು ಬಂದ ಕೂಡಲೇ ಹಸಿವು ಓಡಿಹೋಗಲಿಲ್ಲ. ಕಾನೂನು ಜಾರಿಯಾಗುತ್ತಿದ್ದ ಹೊತ್ತಿಗೇ, 1950ರ ಜೂನ್‌ನಲ್ಲಿ, ಯುದ್ಧ ಬಂತು. ಕಾಗದದ ಮೇಲೆ ಗದ್ದೆ ಸ್ವಂತದ್ದು, ಮಡಕೆ ಖಾಲಿ. ನಿನ್ನ ಮನೆ ಮಾಲೀಕರ ಅಜ್ಜಿ ಬಟ್ಟಲು ಕಳಿಸಿದ್ದು ಅಂಥ ಕಾಲದಲ್ಲಿ. ಅವರೇನು ಚೊಯ್ ಮನೆಯವರಂಥ ಸಿರಿವಂತರಲ್ಲ. ಪಕ್ಕದವರಿಗಿಂತ ಎರಡು ಬಟ್ಟಲು ಬಾರ್ಲಿ ಹೆಚ್ಚಿಗೆ ಇದ್ದವರು, ಅಷ್ಟೇ. ಅದಕ್ಕಾಗಿಯೇ ಚೊಯ್ ಮನೆಯ ಕಡಾಯಿಗಿಂತ ಈ ಬುರುಡೆ ನನಗೆ ದೊಡ್ಡದು. ಮತ್ತೊಂದು ವಿಷಯ: ಅವರು ಅದನ್ನು ಮಗುವಿನ ಕೈಯಲ್ಲಿ ಕಳಿಸಿದರು. ಮಗುವಿಗೆ ಉಪದೇಶ ಮಾಡಲಿಲ್ಲ, ಹೋಗುವ ದಾರಿ, ಆಡುವ ಮಾತು, ನೋಡಬಾರದ ಕಡೆ ಇಷ್ಟನ್ನೇ ಹೇಳಿಕೊಟ್ಟರು. ಎಪ್ಪತ್ತು ದಾಟಿದ ಮೇಲೂ ಆ ಮಗುವಿಗೆ ಅದು ಮರೆತಿಲ್ಲ.

ಇನ್ನು ನಿನ್ನ ಫೋಟೊಗಳು. ಒಂದರಲ್ಲಿ ಒಬ್ಬ ತಾತ ಅಕ್ಕಿಯ ಚೀಲ ಹಿಡಿದುಕೊಂಡು ನಿಮ್ಮ ನಡುವೆ ನಿಂತಿದ್ದಾರೆ. ನೀವೆಲ್ಲ ನಗುತ್ತಿದ್ದೀರಿ, ಅವರು ಕ್ಯಾಮೆರಾ ಕಡೆ ನೋಡುತ್ತಿಲ್ಲ. ನಿಮ್ಮ ಮನಸ್ಸು ಚೆನ್ನಾಗಿದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ತಾತನೂ ಒಂದು ಕಾಲಕ್ಕೆ ನೆರೆಮನೆಗೆ ಬಟ್ಟಲು ಕಳಿಸಿದವರಿರಬಹುದು. ಇವತ್ತು ಚೀಲ ಹಿಡಿದು ನಿಂತ ಅವರ ಚಿತ್ರ ಅವರ ಮೊಮ್ಮಕ್ಕಳ ಫೋನಿಗೂ ಹೋಗುತ್ತದೆ ಎಂದು ಯೋಚಿಸಿದ್ದೀರಾ? ಮುಂದಿನ ಚಳಿಗಾಲ ಹಂಚಲು ಹೊರಟಾಗ, ಗುಂಪಿನಲ್ಲಿ ಯಾರಾದರೂ ಫೋನ್ ಎತ್ತಿದರೆ ಬೇಡ ಎಂದು ಮೊದಲು ಹೇಳುವವಳು ನೀನಾಗು. ಚೀಲವನ್ನು ಬಾಗಿಲ ಬಳಿ ಇಟ್ಟು, ಬೆಲ್ ಒತ್ತಿ, ಅವರು ಬಾಗಿಲು ತೆರೆದರೆ ಕೂತು ಮಾತಾಡಿಸಿ ಬಾ, ತೆರೆಯದಿದ್ದರೆ ಸುಮ್ಮನೆ ಹೊರಟು ಬಾ. ಈಗಿರುವ ಫೋಟೊಗಳನ್ನು ಗುಂಪಿನವರಿಗೆ ಹೇಳಿ ಇವತ್ತೇ ತೆಗೆಸಿಬಿಡು ಮಗಳೇ.

ಇಂತಿ ನಿನ್ನ
ದೊಡ್ಡಮ್ಮ