ಹದಿನಾಲ್ಕು ಹಾಳೆ ಹಾಳಾಗಿವೆ, ಮೇಡಂ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯವಳು ನಾನು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಮೊದಲ ವರ್ಷ. ಒಂದೇ ಹಾಳೆಯನ್ನು ಕತ್ತರಿಸದೆ, ಅಂಟು ಹಚ್ಚದೆ, ಬರೀ ಮಡಚಿ ಅಮೂರ್ತ ಮಾಡೆಲ್ ಮಾಡಬೇಕು. ಕಮಲ ಮಾಡಿಕೊಂಡು ಹೋದೆ. ‘ಇದು ಹೂವು, ನಾನು ಕೇಳಿದ್ದು ಹೂವಲ್ಲ’ ಎಂದರು ಸರ್. ಆಮೇಲೆ ಏನು ಮಡಚಿದರೂ ಮುದ್ದೆಯಾಗುತ್ತಿದೆ. ಹದಿನಾಲ್ಕು ಹಾಳೆ ಹಾಳಾಗಿವೆ, ಮೇಡಂ. ಸೋಮವಾರ ಜ್ಯೂರಿ. ಅಪ್ಪ ಸಾಲ ಮಾಡಿ ಸೇರಿಸಿದ್ದಾರೆ. ತಪ್ಪು ಕೋರ್ಸ್ ತಗೊಂಡೆನಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ. ಐದು ವರ್ಷದ ಕೋರ್ಸಿನ ಒಂದು ಅಸೈನ್‌ಮೆಂಟ್ ಅಷ್ಟು ದೊಡ್ಡ ತೀರ್ಪು ಕೊಡಲಾರದು. ಸ್ಟುಡಿಯೋದಲ್ಲಿ ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ, ಮೊದಲ ಸಲ ಹೂವೋ ಹಕ್ಕಿಯೋ ತಾರದ ಮಕ್ಕಳನ್ನು ನಾನು ಕಂಡಿದ್ದೇ ಕಡಿಮೆ.

ಕಾಗದ ಮಡಚುವ ಈ ಅಭ್ಯಾಸ ಜರ್ಮನಿಯ ಬೌಹೌಸ್ ಶಾಲೆಯಿಂದ ಬಂದದ್ದು. 1920ರ ದಶಕದಲ್ಲಿ ಅಲ್ಲಿ ಜೋಸೆಫ್ ಆಲ್ಬರ್ಸ್ ಹೊಸ ವಿದ್ಯಾರ್ಥಿಗಳ ಕೈಗೆ ಹಳೇ ನ್ಯೂಸ್‌ಪೇಪರ್ ಕೊಟ್ಟು, ಇದರಿಂದ ಏನಾದರೂ ಮಾಡಿ ಎನ್ನುತ್ತಿದ್ದರು. ಕೆಲವರು ಕೋಟೆ ಕಟ್ಟಿದರು, ವಿಮಾನ ಮಾಡಿದರು. ಆಲ್ಬರ್ಸ್ ಮೆಚ್ಚಿದ್ದು ಉದ್ದಕ್ಕೆ ಒಂದೇ ಮಡಿಕೆ ಹಾಕಿ ನಿಲ್ಲಿಸಿದ ಹಾಳೆಯನ್ನು. ಮಲಗಿಯೇ ಇರುವ ಕಾಗದ ಒಂದು ಮಡಿಕೆಗೆ ಎದ್ದು ನಿಂತಿತಲ್ಲ, ಅದು ಅವರಿಗೆ ಮುಖ್ಯ. ನಿಮ್ಮ ಸರ್ ಕೇಳುತ್ತಿರುವುದೂ ಅದನ್ನೇ. ಮಡಿಕೆ ಯಾವುದನ್ನೋ ಹೋಲಬೇಕಿಲ್ಲ, ಕೆಲಸ ಮಾಡಬೇಕು.

ಇದು ನಿಮಗೆ ಹೊಸತೂ ಅಲ್ಲ. ಸೀರೆಯ ನೆರಿಗೆ ಹಿಡಿದಿದ್ದೀರಿ. ಕೊಟ್ಟಿಗೆಯ ಮೇಲಿನ ತಗಡಿನ ಶೀಟು ನೋಡಿದ್ದೀರಿ; ಅಷ್ಟು ತೆಳು ತಗಡು ನಿಮ್ಮ ಕಡೆಯ ಮಳೆಯನ್ನು ತಡೆದು ನಿಲ್ಲುವುದು ಆ ಏರುತಗ್ಗುಗಳಿಂದ. 1958ರಲ್ಲಿ ಪ್ಯಾರಿಸ್ಸಿನ ಯುನೆಸ್ಕೊ ಸಭಾಂಗಣದ ಕಾಂಕ್ರೀಟ್ ಗೋಡೆ, ಚಾವಣಿಗಳನ್ನು ನೆರಿಗೆ ಹಿಡಿದಂತೆ ಕಟ್ಟಿದ್ದೂ ಇದೇ ಕಾರಣಕ್ಕೆ.

ಮುದ್ದೆಯಾಗುವುದು ಅವಸರದಿಂದ. ದುಬಾರಿ ಹಾಳೆ ಸದ್ಯಕ್ಕೆ ಬೇಡ, ಹಳೇ ಕ್ಯಾಲೆಂಡರ್ ಸಾಕು. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ. ಅದು ಕಾಗದದ ಎಳೆಯ ದಿಕ್ಕು, ಉದ್ದದ ಮಡಿಕೆಗಳು ಆ ಕಡೆಗಿರಲಿ. ಇಂಕು ಮುಗಿದ ಬಾಲ್‌ಪೆನ್ನನ್ನು ಸ್ಟೀಲ್ ಸ್ಕೇಲಿಗೆ ಒತ್ತಿ ಗೆರೆ ಎಳೆಯಿರಿ. ತಗ್ಗಿನ ಮಡಿಕೆಯ ಗೆರೆ ಎದುರು ಮಗ್ಗುಲಲ್ಲಿ, ಏರಿನದ್ದು ಹಾಳೆ ತಿರುವಿ ಹಿಂದಿನ ಮಗ್ಗುಲಲ್ಲಿ. ಎಲ್ಲ ಗೆರೆ ಮುಗಿಯುವ ತನಕ ಒಂದನ್ನೂ ಮಡಚಬೇಡಿ. ಆಮೇಲೆ ಪ್ರತಿ ಗೆರೆಯನ್ನೂ ಒಂದೊಂದಾಗಿ ಮಡಚಿ, ಬಿಚ್ಚಿ, ಸಡಿಲ ಮಾಡಿಕೊಳ್ಳಿ. ಕೊನೆಗೆ ಎರಡೂ ಅಂಗೈಗಳಿಂದ ಹಾಳೆಯನ್ನು ನಾಲ್ಕೂ ಕಡೆಯಿಂದ ಸ್ವಲ್ಪಸ್ವಲ್ಪವೇ ಒಳಕ್ಕೆ ಕರೆದುಕೊಳ್ಳಿ.

ಇನ್ನೊಂದು ಮಾತು. ನಾಲ್ಕು ಗೆರೆ ಕೂಡುವ ಬಿಂದುವಿನಲ್ಲಿ ಮೂರು ಒಂದು ಕಡೆಗೆ, ಒಂದು ಅದರ ಎದುರಿಗೆ ಮಡಚಿಕೊಳ್ಳಬೇಕು. ಎರಡೆರಡು ಮಾಡಿದರೆ ಹಾಳೆ ಚಪ್ಪಟೆಯಾಗಿ ಮಡಚಿಕೊಳ್ಳುವುದೇ ಇಲ್ಲ. ನಿಮ್ಮ ಹಾಳೆಗಳನ್ನು ಬಿಚ್ಚಿ ಈ ಬಿಂದುಗಳನ್ನು ಎಣಿಸಿ. ತಪ್ಪು ಅಲ್ಲೇ ಸಿಕ್ಕರೂ ಸಿಗಬಹುದು.

ಮಾಡೆಲ್ ನಿಂತ ಮೇಲೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಒಂದು ಪಕ್ಕದಿಂದ ಹಿಡಿದು ನೋಡಿ. ಒಂದೇ ಬಿಳಿ ಹಾಳೆ ಐದಾರು ಬಗೆಯ ಬೂದು ಬಣ್ಣ ತಾಳುತ್ತದೆ. ಜ್ಯೂರಿಯಲ್ಲಿ ಇದನ್ನೇ ಹೇಳಿ: ಎಲ್ಲಿ ಮಡಚಿದೆ, ಅಲ್ಲಿ ಹಾಳೆಗೆ ಏನಾಯಿತು, ನೆರಳು ಎಲ್ಲಿ ಬಿತ್ತು. ಇದು ಇಂಥದ್ದರ ಸಂಕೇತ ಎಂದು ಕಥೆ ಕಟ್ಟಲು ಹೋಗಬೇಡಿ.

ಹಾಳಾದ ಹದಿನಾಲ್ಕನ್ನೂ ಎಸೆಯಬೇಡಿ. ಹಿಂದೆ ಪೆನ್ಸಿಲ್ಲಿನಿಂದ ನಂಬರ್ ಹಾಕಿ, ಕಮಲವನ್ನೂ ಸೇರಿಸಿ, ಸೋಮವಾರ ಎಲ್ಲವನ್ನೂ ಸಾಲಾಗಿ ಮೇಜಿನ ಮೇಲಿಡಿ. ನಿಮ್ಮ ಸರ್ ಮಾರ್ಕ್ಸ್ ಕೊಡುವ ಮೊದಲು ಆ ಸಾಲನ್ನು ಖಂಡಿತ ನೋಡುತ್ತಾರೆ.