ನರಮೇಧದ ಪಾಠ: ಮಕ್ಕಳೊಂದಿಗೆ ರುವಾಂಡವನ್ನು ಅರಿಯುವುದು



ಹತ್ತನೇ ತರಗತಿಯಲ್ಲಿರುವ ನಿಮ್ಮ ಮಗಳು ಒಂದು ಸಂಜೆ ಮನೆಗೆ ಬಂದು, "ಅಮ್ಮಾ, ನರಮೇಧದ ಬಗ್ಗೆ ಪ್ರಾಜೆಕ್ಟ್ ಮಾಡಬೇಕಂತೆ. ಬರೀ ಬರೆದರೆ ಸಾಲದು, ಫೋಟೊ, ಧ್ವನಿ, ನಕ್ಷೆ ಎಲ್ಲಾ ಸೇರಿಸಬೇಕಂತೆ" ಎಂದರೆ ನೀವೇನು ಮಾಡುವಿರಿ? ನಮ್ಮಲ್ಲಿ ಹಲವರು "ಇಂಥದ್ದೆಲ್ಲ ಮಕ್ಕಳಿಗೆ ಯಾಕೆ ಕೊಡ್ತಾರೋ" ಎಂದು ಗೊಣಗಿ, ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಚಿತ್ರ ಮುದ್ರಿಸಿಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಈ ಸಲ ಹಾಗೆ ಮಾಡಬೇಡಿ. ಮಗಳ ಪಕ್ಕದಲ್ಲಿ ಕುಳಿತುಕೊಳ್ಳಿ. ವಿಷಯ ಆರಿಸುವ ಸ್ವಾತಂತ್ರ್ಯವಿದ್ದರೆ ರುವಾಂಡವನ್ನು ಆರಿಸಿಕೊಳ್ಳಲು ಹೇಳಿ.

ರುವಾಂಡವೇ ಏಕೆ? ಯೆಹೂದ್ಯರ ನರಮೇಧದ ಬಗ್ಗೆ ಶಾಲಾ ಪುಸ್ತಕಗಳಲ್ಲಿ ಅಷ್ಟಿಷ್ಟಾದರೂ ಇದೆ. ರುವಾಂಡದ್ದು ನಮ್ಮ ಮನೆಯ ಬಾಗಿಲಿಗೆ ಇನ್ನೂ ಹತ್ತಿರ ಬಂದು ನಿಲ್ಲುವ ಪ್ರಶ್ನೆ. ಪೂರ್ವ ಆಫ್ರಿಕದ ಆ ಪುಟ್ಟ ದೇಶದಲ್ಲಿ ಅಂದು ಅರ್ಧಕ್ಕೂ ಹೆಚ್ಚು ಜನ ಕಥೋಲಿಕರು. ಕೊಂದವರೂ ಕೊಲೆಯಾದವರೂ ಬಹುಮಟ್ಟಿಗೆ ಒಂದೇ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದವರು, ಒಂದೇ ಭಾಷೆಯಲ್ಲಿ ಜಪ ಹೇಳುತ್ತಿದ್ದವರು. ಹುಟು, ಟುಟ್ಸಿ ಎಂಬ ಹೆಸರುಗಳು ಹಿಂದಿನಿಂದಲೂ ಇದ್ದವು. ಆದರೆ 1930ರ ದಶಕದಲ್ಲಿ ಬೆಲ್ಜಿಯಂನ ವಸಾಹತು ಆಡಳಿತ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಅದನ್ನು ಬರೆದು ಗಟ್ಟಿಮಾಡಿತು. 1994ರ ಏಪ್ರಿಲ್ 6ರ ರಾತ್ರಿ ರಾಷ್ಟ್ರಾಧ್ಯಕ್ಷ ಹಬ್ಯಾರಿಮಾನರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಸುಮಾರು 100 ದಿನ, ರಸ್ತೆಗೆ ಅಡ್ಡ ಹಾಕಿದ ಮರದ ದಿಮ್ಮಿಯ ಬಳಿ ಆ ಚೀಟಿಯನ್ನೇ ಕೇಳಿ ನೋಡಿ ಟುಟ್ಸಿಗಳನ್ನು ಕೊಂದರು. ಕೊಲ್ಲಲು ಒಪ್ಪದ ಹುಟುಗಳನ್ನೂ ಬಿಡಲಿಲ್ಲ. ಏಪ್ರಿಲ್ 21ರಂದು, ಕೊಲೆಗಳು ಭರದಿಂದ ಸಾಗಿದ್ದಾಗಲೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್ಲಿದ್ದ ತನ್ನ ಶಾಂತಿಪಡೆಯನ್ನು 270 ಮಂದಿಗೆ ಇಳಿಸಲು ತೀರ್ಮಾನಿಸಿತು.

ಇಷ್ಟು ಹಿನ್ನೆಲೆ ಸಾಕು. ಇನ್ನು ಕೆಲಸ. ಇಡೀ ನರಮೇಧವನ್ನು ಒಂದೇ ಪ್ರಾಜೆಕ್ಟಿನಲ್ಲಿ ತುರುಕಲು ಹೋದರೆ ಅದು ಅಂಕಿಅಂಶಗಳ ಪಟ್ಟಿಯಾಗುತ್ತದೆ. ಮಗುವಿನ ಮನಸ್ಸಿಗೆ ಏನೂ ತಟ್ಟುವುದಿಲ್ಲ. ನಾಲ್ಕೈದು ಮಕ್ಕಳ ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದೇ ಒಂದು ವಸ್ತು ಕೊಡಿ. ಒಬ್ಬರಿಗೆ ಆ ಗುರುತಿನ ಚೀಟಿ: ಯಾರು ತಂದರು, ಅದರಲ್ಲಿ ಏನಿತ್ತು, ಯಾವಾಗ ಹೋಯಿತು. ಇನ್ನೊಬ್ಬರಿಗೆ ನ್ಯಾಮಾಟದ ದೇವಾಲಯ. ಆಶ್ರಯ ಬೇಡಿ ಒಳಸೇರಿದ ಸಾವಿರಾರು ಜನರನ್ನು ಅಲ್ಲೇ ಕೊಂದರು. ಈಗ ಅದು ಸ್ಮಾರಕ; ಸತ್ತವರ ಬಟ್ಟೆಗಳನ್ನು ಬೆಂಚುಗಳ ಮೇಲೆ ಇಟ್ಟಿದ್ದಾರೆ. 2023ರಲ್ಲಿ ಯುನೆಸ್ಕೋ ಅದನ್ನೂ ಇತರ ಮೂರು ಸ್ಮಾರಕಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರನೆಯವರಿಗೆ ರೇಡಿಯೊ ಕೊಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ. ಆರ್‌ಟಿಎಲ್‌ಎಂ ಎಂಬ ಖಾಸಗಿ ಬಾನುಲಿ 1993ರ ಜುಲೈನಲ್ಲಿ ಶುರುವಾಯಿತು. ಒಳ್ಳೆಯ ಹಾಡು, ತಮಾಷೆ, ಹರಟೆ, ಯುವಜನರಿಗೆ ಅಚ್ಚುಮೆಚ್ಚು. ನಡುನಡುವೆ ಟುಟ್ಸಿಗಳನ್ನು ಜಿರಲೆಗಳೆಂದು ಕರೆಯುವುದು. ಮೊದಲು ಕೇಳಿ ನಕ್ಕವರಿಗೆ ಆಮೇಲೆ ಅದೇ ಬಾನುಲಿ ಯಾರನ್ನು ಹುಡುಕಬೇಕು, ಎಲ್ಲಿ ಅಡಗಿದ್ದಾರೆ ಎಂದು ಹೇಳತೊಡಗಿತು. ಅದನ್ನು ಹುಟ್ಟುಹಾಕಿದವರಲ್ಲಿ ಇಬ್ಬರಿಗೂ ಒಬ್ಬ ಪತ್ರಿಕಾ ಸಂಪಾದಕನಿಗೂ ತಾಂಜಾನಿಯದ ಆರುಶಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಾಲಯ 2003ರಲ್ಲಿ ಶಿಕ್ಷೆ ವಿಧಿಸಿತು. ಈ ಭಾಗವನ್ನು ಮಾಡುವ ಹುಡುಗ ಆ ದ್ವೇಷದ ಮಾತುಗಳನ್ನು ನಾಟಕದಂತೆ ತನ್ನ ಧ್ವನಿಯಲ್ಲಿ ಆಡಬಾರದು. ಏನು ನಡೆಯಿತೆಂಬುದನ್ನು ದಿನಾಂಕ ಸಹಿತ ತನ್ನ ಕನ್ನಡದಲ್ಲಿ ಬರೆದು, ಮೊಬೈಲಿನಲ್ಲಿ ಐದು ನಿಮಿಷ ಓದಿ ಧ್ವನಿಮುದ್ರಿಸಲಿ. ಒಂದು ಎಚ್ಚರಿಕೆ ಮಾತ್ರ: ಈ ಕೆಲಸ ಮಾಡಿದ ಮಗು, ನಾವು ಊಟದ ಹೊತ್ತಿನಲ್ಲಿ ಇನ್ನೊಂದು ಜಾತಿಯವರ ಬಗ್ಗೆ ಆಡುವ ಹಗುರ ಮಾತನ್ನು ಹಿಡಿದು ನಿಲ್ಲಿಸಿ ಕೇಳಿದರೆ ಸಿಟ್ಟಾಗಬೇಡಿ.

ಚಿತ್ರಗಳ ವಿಷಯ. ಹೆಣಗಳ ಫೋಟೊ ಬೇಡ. ಹೆದರಿಸುವುದರಿಂದ ಮಕ್ಕಳು ಕಲಿಯುವುದಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಲ್ಲದೆ ಆ ಫೋಟೊದಲ್ಲಿರುವವರು ಯಾರದೋ ತಾಯಿ, ಯಾರದೋ ಅಣ್ಣ. ಅವರು ಬದುಕಿದ್ದಾಗಿನ ಮುಖ, ಹಾಡಿದ ಹಾಡು, ಕಲಿಸಿದ ಶಾಲೆ ಸಿಕ್ಕರೆ ಅದನ್ನು ಹಾಕಲಿ. ಕಂಪ್ಯೂಟರ್ ತಾನೇ ಕಲ್ಪಿಸಿ ಕೊಡುವ ಚಿತ್ರಗಳು ಈಗ ಸುಲಭವಾಗಿ ಸಿಗುತ್ತವೆ. ಅವಕ್ಕೆ ಇಲ್ಲಿ ಜಾಗವಿಲ್ಲ. ಬದುಕುಳಿದವರ ಸಾಕ್ಷ್ಯಗಳನ್ನು ಕಿಗಾಲಿಯ ನರಮೇಧ ಸ್ಮಾರಕ ಸಂಗ್ರಹಿಸಿ ಇಂಟರ್‌ನೆಟ್ಟಿನಲ್ಲಿಟ್ಟಿದೆ. ಮೊದಲು ನೀವು ಕೇಳಿ, ಆಮೇಲೆ ಮಕ್ಕಳಿಗೆ ಕೇಳಿಸಿ. ಅವುಗಳ ಹಿಂದೆ ಸಿನಿಮಾದ ಶೋಕಗೀತೆ ಹಾಕುವ ಚಾಳಿಯನ್ನು ದಯವಿಟ್ಟು ತಡೆಯಿರಿ.

ಸತ್ತವರೆಷ್ಟು ಎಂದು ಹುಡುಕಿದರೆ ಒಂದು ಕಡೆ 8 ಲಕ್ಷ, ಇನ್ನೊಂದು ಕಡೆ 10 ಲಕ್ಷಕ್ಕೂ ಹೆಚ್ಚು ಎಂದು ಸಿಗುತ್ತದೆ. ಮಕ್ಕಳು ಗಲಿಬಿಲಿಗೊಂಡು ದೊಡ್ಡದನ್ನು ಬರೆದುಬಿಡುತ್ತಾರೆ. ಎರಡನ್ನೂ ಬರೆದು, ಯಾರ ಲೆಕ್ಕ ಯಾವುದೆಂದು ಪಕ್ಕದಲ್ಲೇ ಬರೆಯಲು ಹೇಳಿ. ನರಮೇಧವೇ ನಡೆಯಲಿಲ್ಲವೆಂದು ವಾದಿಸುವವರ ಬರಹಗಳೂ ಇಂಟರ್‌ನೆಟ್ಟಿನಲ್ಲಿವೆ. ಹೇಳಿದವರು ಯಾರು, ಯಾವಾಗ, ಅವರಿಗೆ ಅದು ಹೇಗೆ ಗೊತ್ತು ಎಂದು ಕೇಳುವ ಅಭ್ಯಾಸ ಈ ಒಂದು ಪ್ರಾಜೆಕ್ಟಿನಿಂದ ಬಂದರೂ ಲಾಭವೇ.

ಈಗ ನೀವು ಅಂಜುತ್ತಿರುವ ಪ್ರಶ್ನೆಗೆ ಬರೋಣ. ಮಗಳು ಕೇಳಿಯೇ ಕೇಳುತ್ತಾಳೆ: "ಅವರೂ ನಮ್ಮ ಹಾಗೆ ಪೂಜೆಗೆ ಹೋಗ್ತಿದ್ದರಲ್ಲ ಅಮ್ಮಾ, ಮತ್ತೆ ಹೇಗೆ?" ಇದಕ್ಕೆ ಸುಳ್ಳು ಸಮಾಧಾನ ಹೇಳಬೇಡಿ. ಕಿಗಾಲಿಯ ಮಹಾಧರ್ಮಾಧ್ಯಕ್ಷರು ವರ್ಷಗಟ್ಟಲೆ ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲಿದ್ದರು. ನ್ಯಾಂಗೆ ಎಂಬ ಊರಿನಲ್ಲಿ 1994ರ ಏಪ್ರಿಲ್ 16ರಂದು ದೇವಾಲಯದೊಳಗಿದ್ದ ಸುಮಾರು 1,500 ಟುಟ್ಸಿಗಳ ಮೇಲೆ ಬುಲ್ಡೋಜರಿನಿಂದ ಆ ದೇವಾಲಯವನ್ನೇ ಉರುಳಿಸಿದರು. ಅದಕ್ಕೆ ಒಪ್ಪಿಗೆ ಕೊಟ್ಟ ಅಲ್ಲಿನ ಗುರು ಅಥನಾಸ್ ಸೆರೊಂಬರಿಗೆ 2008ರಲ್ಲಿ ಮೇಲ್ಮನವಿ ಪೀಠ ಜೀವಾವಧಿ ಶಿಕ್ಷೆ ವಿಧಿಸಿತು. ಇದನ್ನು ಮುಚ್ಚಿಟ್ಟರೆ ಮಗು ನಾಳೆ ಬೇರೆಡೆ ಓದಿ ತಿಳಿಯುತ್ತದೆ. ಆಗ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಧರ್ಮಸಭೆಯೇ ಮುಚ್ಚಿಡಲಿಲ್ಲವಲ್ಲ. 1994ರ ಮೇ 15ರಷ್ಟು ಮುಂಚೆಯೇ ಜಗದ್ಗುರು ಎರಡನೇ ಜಾನ್ ಪೌಲರು ಇದನ್ನು ನರಮೇಧವೆಂದು ಕರೆದು, ಕಥೋಲಿಕರೂ ಇದಕ್ಕೆ ಹೊಣೆಗಾರರೆಂದು ವ್ಯಥೆಯಿಂದ ಹೇಳಿದರು. ರುವಾಂಡದ ಧರ್ಮಾಧ್ಯಕ್ಷರು 2016ರ ನವೆಂಬರಿನಲ್ಲಿ ಕ್ಷಮೆ ಯಾಚಿಸಿದರು. 2017ರ ಮಾರ್ಚ್ 20ರಂದು ಜಗದ್ಗುರು ಫ್ರಾನ್ಸಿಸ್ ಅವರು ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದರು. ಆದರೂ "ಹೇಗೆ?" ಎಂಬ ಪ್ರಶ್ನೆ ಉಳಿದರೆ ಉಳಿಯಲಿ. ನಮಗೂ ಉತ್ತರ ಗೊತ್ತಿಲ್ಲವೆಂದು ಹೇಳಿದರೆ ತಪ್ಪೇನಿಲ್ಲ.

ಅದೇ ನಾಡಿನಲ್ಲಿ ಫೆಲಿಸಿತೆ ನಿಯಿತೆಗೆಕ ಎಂಬ ಸಮರ್ಪಿತ ಸ್ತ್ರೀ ಇದ್ದರು. ಹುಟು ಜನಾಂಗದವರು. ಗಿಸೆನ್ಯಿ ಊರಿನ ತಮ್ಮ ಕೇಂದ್ರದಲ್ಲಿ ಟುಟ್ಸಿಗಳನ್ನು ಅಡಗಿಸಿ ಗಡಿ ದಾಟಿಸುತ್ತಿದ್ದರು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಸ್ವಂತ ಸಹೋದರ ಪಾರಾಗಲು ದಾರಿ ಮಾಡಿಕೊಟ್ಟರೂ, ತಮ್ಮೊಂದಿಗಿದ್ದವರನ್ನು ಬಿಟ್ಟು ಹೊರಡಲು ಒಪ್ಪದೆ, ಏಪ್ರಿಲ್ 21ರಂದು ಅವರೊಂದಿಗೇ ಪ್ರಾಣ ಕೊಟ್ಟರು. ಒಂದು ಮಗು ಇವರ ಬಗ್ಗೆ ಮಾತ್ರ ಮಾಡಲಿ. ಆದರೆ ಸೆರೊಂಬರ ಪುಟವನ್ನು ಅಳಿಸಿಹಾಕುವ ರಬ್ಬರಿನಂತೆ ಇವರನ್ನು ಬಳಸುವುದು ಬೇಡ. ಎರಡೂ ಪುಟಗಳು ಇರಲಿ.

ಕೊನೆಗೆ ಗುಂಪಿನವರೆಲ್ಲ ಸೇರಿ ಮಾಡುವ ನಕ್ಷೆ. ನ್ಯಾಂಗೆಯಲ್ಲಿ ಒಂದು ಚುಕ್ಕೆ ಇಟ್ಟು 1994ರ ಏಪ್ರಿಲ್ 16 ಎಂದು ಬರೆಯಲಿ. ಅದೇ ಚುಕ್ಕೆಗೆ ಇನ್ನೊಂದು ದಿನಾಂಕವೂ ಬೇಕು: 1997ರ ಮಾರ್ಚ್ 18. ಅಂದು ರಾತ್ರಿ ಆ ಊರಿನ ಪ್ರೌಢಶಾಲೆಗೆ ಬಂದೂಕು ಹಿಡಿದು ನುಗ್ಗಿದವರು, ಓದಿಕೊಳ್ಳುತ್ತಿದ್ದ ವಿದ್ಯಾರ್ಥಿಗಳಿಗೆ ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದರು. ಹೆಚ್ಚುಕಡಿಮೆ ನಿಮ್ಮ ಮಕ್ಕಳ ಪ್ರಾಯದ ಆ ಹುಡುಗ ಹುಡುಗಿಯರು ತಾವೆಲ್ಲ ರುವಾಂಡದವರೆಂದು ಹೇಳಿ, ಬೇರೆಯಾಗಲು ಒಪ್ಪಲಿಲ್ಲ. ಗುಂಡು ಹಾರಿತು. ಕೆಲವರು ಸತ್ತರು, ಹಲವರು ಗಾಯಗೊಂಡು ಉಳಿದರು. ಅವರೆಲ್ಲರನ್ನೂ ರುವಾಂಡ ಇಂದು ರಾಷ್ಟ್ರವೀರರ ಸಾಲಿನಲ್ಲಿಟ್ಟು ಫೆಬ್ರವರಿ 1ರಂದು ನೆನೆಯುತ್ತದೆ.