ನೆಲದ ಏರುಪೇರನ್ನು ಯಾವುದೋ ಒಂದು ಭಾಗ ಹೊರಲೇಬೇಕು

ಡೋಜರ್ ಕೊಳ್ಳುವವರು, ಬಾಡಿಗೆಗೆ ತರಿಸುವವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು, ಬ್ಲೇಡ್ ಎಷ್ಟು ಅಗಲ, ಗಂಟೆಗೆ ಎಷ್ಟು ಡೀಸೆಲ್ ಬೇಕು ಎಂದು. ಟ್ರ್ಯಾಕ್ ಫ್ರೇಮನ್ನು ಮೇನ್ ಫ್ರೇಮಿಗೆ ಹೇಗೆ ಜೋಡಿಸಿದ್ದಾರೆ ಎಂದು ಕೇಳುವವರು ಅಪರೂಪ. ಸಂಡೂರಿನ ಅದಿರು ಗುಡ್ಡಗಳಲ್ಲಿ, ಆಮೇಲೆ ಕೃಷ್ಣಾ ಕಣಿವೆಯ ಕಾಲುವೆ ಕೆಲಸಗಳಲ್ಲಿ, ಈಗ ತುಮಕೂರು ಕಡೆಯ ಬಡಾವಣೆಗಳಲ್ಲಿ ಈ ಯಂತ್ರಗಳ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನನಗೆ, ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ಮನದಟ್ಟಾಗಿದೆ. ಚೈನಿನ ಮೇಲೆ ಓಡುವ ಯಂತ್ರದ ರಿಪೇರಿ ಖರ್ಚಿನಲ್ಲಿ ಸರಿಸುಮಾರು ಅರ್ಧ ಚೈನು, ರೋಲರ್‌ಗಳಿರುವ ಅಡಿಭಾಗಕ್ಕೇ, ಅಂದರೆ ಅಂಡರ್‌ಕ್ಯಾರೇಜಿಗೇ ಹೋಗುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಅಷ್ಟು ದುಡ್ಡು ನುಂಗುವ ಭಾಗವನ್ನು ನೋಡದೆಯೇ ಗಾಡಿಯನ್ನು ಆರಿಸುತ್ತೇವೆ.

ಡೋಜರಿನ ಎರಡು ಬದಿಗೂ ಒಂದೊಂದು ಉದ್ದನೆಯ ಉಕ್ಕಿನ ಪೆಟ್ಟಿಗೆಯಂಥ ಚೌಕಟ್ಟು ಇರುತ್ತದೆ. ಅದೇ ಟ್ರ್ಯಾಕ್ ಫ್ರೇಮ್. ಕೆಳಗಿನ ರೋಲರ್‌ಗಳು, ಮೇಲೆ ಚೈನನ್ನು ಹೊರುವ ರೋಲರ್‌ಗಳು, ಮುಂದಿನ ತುದಿಯಲ್ಲಿ ಚೈನು ಸುತ್ತಿ ಬರುವ ಐಡ್ಲರ್ ಗಾಲಿ, ಅದರ ಹಿಂದೆ ಚೈನನ್ನು ಬಿಗಿಹಿಡಿಯುವ ದಪ್ಪ ಸ್ಪ್ರಿಂಗು, ಎಲ್ಲವೂ ಕೂತಿರುವುದು ಅದರ ಮೇಲೆ. ಈ ಚೌಕಟ್ಟನ್ನು ಗಾಡಿಯ ಮೈಗೆ, ಅಂದರೆ ಮೇನ್ ಫ್ರೇಮಿಗೆ, ಸೇರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದರಲ್ಲಿ ಚೌಕಟ್ಟಿನ ಹಿಂಭಾಗ ಒಂದು ಶಾಫ್ಟಿನ ಸುತ್ತ ತಿರುಗಬಲ್ಲದು. ಎರಡೂ ಬದಿಯ ಚೌಕಟ್ಟುಗಳ ಮುಂಭಾಗವನ್ನು ಈಕ್ವಲೈಜರ್ ಬಾರ್ ಎಂಬ ಅಡ್ಡಪಟ್ಟಿ ಸೇರಿಸುತ್ತದೆ, ಆ ಪಟ್ಟಿ ನಟ್ಟನಡುವೆ ಒಂದೇ ಪಿನ್ನಿನಿಂದ ಮೇನ್ ಫ್ರೇಮಿಗೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಫಿಕ್ಸೆಡ್ ಫ್ರೇಮ್: ಎರಡೂ ಚೌಕಟ್ಟುಗಳನ್ನು ಮೇನ್ ಫ್ರೇಮಿಗೆ ಬೆಸುಗೆಯಿಂದಲೋ ಬೋಲ್ಟುಗಳಿಂದಲೋ ಅಲುಗದಂತೆ ಬಿಗಿದಿರುತ್ತಾರೆ.

ಅಲುಗುವ ಜೋಡಣೆ ಗಾಡಿಯ ಮೈಯನ್ನು ಮೂರು ಕಡೆ ಹೊರುತ್ತದೆ: ಹಿಂದೆ ಎರಡು, ಮುಂದೆ ನಡುವಿನ ಪಿನ್ ಒಂದು. ಬಿಗಿದ ಜೋಡಣೆಯಲ್ಲಿ ನಾಲ್ಕು ಮೂಲೆಗಳೂ ಒಂದೇ ಸಮತಲದಲ್ಲಿ ಗಟ್ಟಿಯಾಗಿ ನಿಂತಿರುತ್ತವೆ. ಸಗಣಿ ಸಾರಿಸಿದ ಅಂಗಳದಲ್ಲಿ ಮುಕ್ಕಾಲಿ ಎಲ್ಲಿಟ್ಟರೂ ಅಲುಗಾಡದೆ ಕೂರುತ್ತದೆ, ನಾಲ್ಕು ಕಾಲಿನ ಸ್ಟೂಲು ಯಾವುದಾದರೂ ಒಂದು ಕಾಲೆತ್ತಿ ಕುಂಟುತ್ತದೆ. ಡೋಜರಿನ ಅಡಿಯಲ್ಲೂ ನಡೆಯುವುದು ಇದೇ. ಅಲುಗುವ ಫ್ರೇಮಿನಲ್ಲಿ ಒಂದು ಬದಿಯ ಮುಂಭಾಗ 200 ಮಿಲಿಮೀಟರ್ ಕಲ್ಲು ಹತ್ತಿದರೆ, ಇನ್ನೊಂದು ಬದಿ ನೆಲದಲ್ಲೇ ಇದ್ದಾಗ, ನಡುವಿನ ಪಿನ್ ಏಳುವುದು 100 ಮಿಲಿಮೀಟರ್ ಮಾತ್ರ. ಬಿಗಿದ ಫ್ರೇಮಿನಲ್ಲಿ ಹಾಗೆ ಹಂಚಿಕೊಳ್ಳುವ ಕೀಲೇ ಇಲ್ಲ. ಗಾಡಿಯ ಇಡೀ ಮೈ ಆ ಕಲ್ಲಿನ ಮೇಲೆ ಏರುತ್ತದೆ.

ಸಂಡೂರಿನ ಒಂದು ಗಣಿಗೆ ಒಮ್ಮೆ ಬಾಡಿಗೆಯ ಸಣ್ಣ ಡೋಜರೊಂದು ಬಂದಿತ್ತು. ಅದರ ಫ್ರೇಮು ಬಿಗಿದದ್ದು. ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾದ ದೊಡ್ಡ ಡೋಜರುಗಳನ್ನೇ ಓಡಿಸಿ ಪಳಗಿದ್ದ ಹಿರಿಯ ಆಪರೇಟರ್ ಒಬ್ಬರನ್ನು ಅದರ ಮೇಲೆ ಕೂರಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ನನ್ನ ಹತ್ತಿರ ಬಂದು ಹೇಳಿದರು: “ಸಾರ್, ಈ ಗಾಡಿ ನೆಲ ಹಿಡಿಯಂಗಿಲ್ರಿ. ಒಂದ್ ಕಡಿ ಚೈನು ಕಲ್ಲು ಹತ್ತಿದ್ರ ಇನ್ನೊಂದ್ ಕಡೀದು ಗಾಳ್ಯಾಗ ತಿರುಗ್ತೈತಿ.” ಆ ಮಾತಿನಲ್ಲಿ ಇಡೀ ಎಂಜಿನಿಯರಿಂಗ್ ಇತ್ತು. ಲೆಕ್ಕ ಹಾಕಿ ನೋಡಿ: 20 ಟನ್ನಿನ ಗಾಡಿ, ಚೈನಿನಲ್ಲಿ ನೆಲ ತುಳಿಯುವ ಪಟ್ಟಿ, ಅಂದರೆ ಶೂ, ಒಂದೊಂದೂ 600 ಮಿಲಿಮೀಟರ್ ಅಗಲ, ಚೈನು ನೆಲಕ್ಕೆ ತಾಗುವ ಉದ್ದ 2.7 ಮೀಟರ್ ಅಂದುಕೊಂಡರೆ, ಎರಡೂ ಬದಿ ಸೇರಿ ನೆಲ ಮುಟ್ಟುವ ಜಾಗ 3.24 ಚದರ ಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 0.62 ಕಿಲೋ. ಕಾಗದದ ಮೇಲೆ ಇದು ಬಲು ಹಗುರ. ಆದರೆ ಈ ಲೆಕ್ಕ ನಿಜವಾಗುವುದು ಚೈನು ಪೂರ್ತಿ ನೆಲಕ್ಕೆ ತಾಗಿದ್ದಾಗ ಮಾತ್ರ. ಕಬ್ಬಿಣದ ಅದಿರಿನ ಗಡುಸು ಹೆಂಟೆಗಳ ಮೇಲೆ ಬಿಗಿದ ಫ್ರೇಮಿನ ಗಾಡಿ ನಿಂತರೆ ಅಷ್ಟೂ ಟನ್ನು ಕೆಲವೇ ರೋಲರ್‌ಗಳ ಮೇಲೆ ಕೂರುತ್ತದೆ. ಉಳಿದ ಶೂಗಳಿಗೆ ಹಿಡಿತವಿಲ್ಲ, ತಳ್ಳುವ ಶಕ್ತಿ ಜಾರಿ ಹೋಗುತ್ತದೆ, ಜಾರಿದಷ್ಟೂ ಶೂಗಳ ಹಲ್ಲು ಸವೆಯುತ್ತದೆ.

ಹಾಗಾದರೆ ಬಿಗಿದ ಫ್ರೇಮು ಕೀಳೇ? ಅಲ್ಲ. ಇದನ್ನು ನನಗೆ ಕಲಿಸಿದ್ದು ಕಾಲುವೆ ಮತ್ತು ಬಡಾವಣೆ ಕೆಲಸ. ಅಲ್ಲಿ ಮಾಡಬೇಕಾದದ್ದು ಬಂಡೆ ತಳ್ಳುವುದಲ್ಲ, ಗ್ರೇಡಿಗೆ ಸರಿಯಾಗಿ ಮಣ್ಣು ಹಾಸುವುದು. ಎಲ್ಲ ದಿಕ್ಕಿಗೂ ವಾಲುವ ಬ್ಲೇಡಿರುವ ಸಣ್ಣ ಡೋಜರುಗಳಲ್ಲಿ ಬ್ಲೇಡನ್ನು ಹಿಡಿದಿರುವ ಸಿ ಆಕಾರದ ಫ್ರೇಮು ಮೇನ್ ಫ್ರೇಮಿಗೇ ಸೇರಿರುತ್ತದೆ. ಟ್ರ್ಯಾಕ್ ಫ್ರೇಮೂ ಅದೇ ಮೇನ್ ಫ್ರೇಮಿಗೆ ಬಿಗಿದಿದ್ದರೆ ಚೈನು, ಮೈ, ಬ್ಲೇಡು ಮೂರೂ ಒಂದೇ ತುಂಡಿನಂತೆ ವರ್ತಿಸುತ್ತವೆ. ಆಪರೇಟರ್ ಲಿವರನ್ನು ಎಷ್ಟು ಅಲುಗಿಸಿದರೆ ಬ್ಲೇಡಿನ ಅಂಚು ಎಷ್ಟು ಇಳಿಯುತ್ತದೆ ಎಂಬುದರಲ್ಲಿ ಗೊಂದಲವಿರುವುದಿಲ್ಲ. ಒಮ್ಮೆ ಹದವಾಗಿ ಹಾಸಿದ ಮಣ್ಣಿನ ಮೇಲೇ ಗಾಡಿ ಮುಂದೆ ಹೋಗುವುದರಿಂದ ಮುಂದಿನ ಹಾಸೂ ಸಮವಾಗುತ್ತದೆ. ಅಲ್ಲದೆ ಸವೆಯುವ ಕೀಲುಗಳು ಕಡಿಮೆ. ಅಲುಗುವ ಫ್ರೇಮಿನಲ್ಲಿ ಹಿಂದಿನ ಶಾಫ್ಟಿನ ಬುಷ್ ಸವೆದರೆ ಚೌಕಟ್ಟು ಓರೆಯಾಗುತ್ತದೆ, ಐಡ್ಲರು ಚೈನನ್ನು ಎಳೆಯುವ ಹಲ್ಲುಗಾಲಿಯಾದ ಸ್ಪ್ರಾಕೆಟಿನ ನೇರ ತಪ್ಪುತ್ತದೆ, ಚೈನಿನ ಕೊಂಡಿಗಳ ಪಕ್ಕ ತಿಂದುಹೋಗುತ್ತವೆ. ನಡುವಿನ ಪಿನ್ನಿಗೆ ಗ್ರೀಸ್ ಕಾಣಿಸದೆ ಬಿಟ್ಟರೆ ಅದೂ ಸಡಿಲವಾಗುತ್ತದೆ. ಬಿಗಿದ ಫ್ರೇಮಿಗೆ ಈ ಕಾಟಗಳಿಲ್ಲ.

ಊರೂರಲ್ಲೂ ಕಾಣುವ ಎಕ್ಸ್‌ಕವೇಟರ್, ನಮ್ಮ ಜನ ಯಾವ ಕಂಪನಿಯದಾದರೂ ಹಿಟಾಚಿ ಎಂದೇ ಕರೆಯುವ ಆ ಯಂತ್ರ, ಬಿಗಿದ ಫ್ರೇಮಿಗೆ ಒಳ್ಳೆಯ ಉದಾಹರಣೆ. ಮೇಲಿನ ಮೈ ಸುತ್ತ ತಿರುಗುತ್ತ ಭಾರ ಎತ್ತುವಾಗ ಕೆಳಗಿನ ನೆಲೆ ಅಲುಗಬಾರದು, ಅದಕ್ಕೇ ಅಲ್ಲಿ ಚೌಕಟ್ಟು ಬಿಗಿದಿರುತ್ತದೆ. ಆದರೆ ಅದು ನಿಂತಲ್ಲೇ ಕೆಲಸ ಮಾಡುವ ಯಂತ್ರ, ನಡೆಯುವುದು ಕಡಿಮೆ. ಡೋಜರಿಗೆ ನಡೆಯುವುದೇ ಕೆಲಸ. ಒಂದೇ ಬಗೆಯ ಜೋಡಣೆ ಒಂದರಲ್ಲಿ ಸುಖವಾಗಿರುತ್ತದೆ, ಇನ್ನೊಂದರಲ್ಲಿ ದಿನವಿಡೀ ಏಟು ತಿನ್ನುತ್ತದೆ.

ಇಷ್ಟು ವರ್ಷಗಳ ಕೆಲಸದಿಂದ ನಾನು ಕಲಿತ ಮುಖ್ಯ ಪಾಠ ಇದು: ನೆಲದ ಏರುಪೇರು ಎಲ್ಲೂ ಮಾಯವಾಗುವುದಿಲ್ಲ. ಕೀಲು ಅದನ್ನು ಹೊರದಿದ್ದರೆ ಬೆಸುಗೆ ಹೊರುತ್ತದೆ, ಬೆಸುಗೆಯೂ ಗಟ್ಟಿಯಾಗಿದ್ದರೆ ರೋಲರು, ಚೈನಿನ ಪಿನ್ನು, ಕೊನೆಗೆ ಸೀಟಿನಲ್ಲಿ ಕೂತ ಮನುಷ್ಯನ ಬೆನ್ನೆಲುಬು ಹೊರುತ್ತದೆ. ದೊಡ್ಡ ಯಂತ್ರಗಳ ವಿನ್ಯಾಸಕಾರರಿಗೆ ಇದು ಚೆನ್ನಾಗಿ ಗೊತ್ತು. 1977ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ಹೊರತಂದ ಡಿ10 ಡೋಜರಿನಲ್ಲಿ ಸ್ಪ್ರಾಕೆಟನ್ನು ನೆಲದಿಂದ ಮೇಲಕ್ಕೆತ್ತಿ, ಅದನ್ನು ತಿರುಗಿಸುವ ಫೈನಲ್ ಡ್ರೈವಿಗೆ ನೆಲದ ಏಟು ತಾಗದಂತೆ ಮಾಡಿದರು, ರೋಲರ್‌ಗಳನ್ನು ಜೋಡಿಜೋಡಿಯಾಗಿ ಅಲುಗುವ ಬೋಗಿಗಳಲ್ಲಿ ಕೂರಿಸಿದರು. ಬಂಡೆಯ ಮೇಲೆ ಓಡುವ ಯಂತ್ರಕ್ಕೆ ಅಲುಗಾಟವನ್ನು ಇನ್ನಷ್ಟು ಕೊಟ್ಟರು.

ಬಿಗಿದ ಫ್ರೇಮಿನಲ್ಲಿ ಮೊದಲು ದಣಿಯುವ ಜಾಗ ಯಾವುದೆಂದು ಈಗ ಕಣ್ಣುಮುಚ್ಚಿ ಹೇಳಬಲ್ಲೆ: ಮೇನ್ ಫ್ರೇಮಿನ ಅಡ್ಡ ತೊಲೆ ಬಂದು ಟ್ರ್ಯಾಕ್ ಫ್ರೇಮಿಗೆ ಸೇರುವ ಮೂಲೆ. ಒಂದು ಬದಿಯ ಮೂತಿ ಏರಿ, ಇನ್ನೊಂದು ಬದಿಯ ಬಾಲ ಏರಿದಾಗ ಇಡೀ ಮೈ ತಿರುಚಿಕೊಳ್ಳುತ್ತದೆ. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಾಕಾರದ ತೊಲೆ ಈ ತಿರುಚನ್ನು ತಡೆದುಕೊಳ್ಳುತ್ತದೆ, ತೆರೆದ ಆಕಾರದ್ದು ತಡೆಯುವುದಿಲ್ಲ. ಒಳ್ಳೆಯ ವಿನ್ಯಾಸದಲ್ಲಿ ಆ ಮೂಲೆಗೆ ಚೂಪು ಇರುವುದಿಲ್ಲ, ದೊಡ್ಡ ದುಂಡನೆಯ ತಿರುವು ಇರುತ್ತದೆ, ಹೆಚ್ಚು ಒತ್ತಡದ ಜಾಗದಲ್ಲಿ ಎರಕದ ತುಂಡು ಕೂರಿಸಿ ಬೆಸುಗೆಯನ್ನು ದೂರಕ್ಕೆ ಸರಿಸಿರುತ್ತಾರೆ. ಏಕೆಂದರೆ ಬೆಸುಗೆಯ ಅಂಚಿನಲ್ಲಿ ಏರಿಳಿಯುವ ಒತ್ತಡ ಎರಡು ಪಟ್ಟಾದರೆ ಅದರ ಆಯಸ್ಸು ಅರ್ಧಕ್ಕಲ್ಲ, ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಣ್ಣಿನ ಕೆಲಸಕ್ಕೆಂದು ಮಾಡಿದ ಗಾಡಿಯನ್ನು ಬಂಡೆಗೆ ಹಾಕಿದರೆ ಬೇಗನೆ ಬಿರುಕು ಬಿಡುವುದು ಇದೇ ಲೆಕ್ಕದಿಂದ.

ಬಿರುಕು ಕಂಡಾಗ ಮೇಲೊಂದು ಪ್ಲೇಟ್ ಬಡಿದು ಬೆಸುಗೆ ಹಾಕುವುದು ಎಲ್ಲ ಸೈಟುಗಳಲ್ಲೂ ಇರುವ ಅಭ್ಯಾಸ. ಅದನ್ನು ಬಿಡಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಪ್ಲೇಟು ಆ ಜಾಗವನ್ನು ಇನ್ನಷ್ಟು ಬಿಗಿಮಾಡುತ್ತದೆ, ಮುಂದಿನ ಬಿರುಕು ಪ್ಲೇಟಿನ ಅಂಚಿನಲ್ಲೇ ಹುಟ್ಟುತ್ತದೆ. ಮೊದಲು ಆ ಜಾಗವನ್ನು ತೊಳೆದು, ಬಣ್ಣದ ದ್ರಾವಣ ಹಚ್ಚಿ ಬಿರುಕು ಎಲ್ಲಿಯವರೆಗೆ ಓಡಿದೆ ಎಂದು ನೋಡಬೇಕು. ಅದರ ತುದಿಯಲ್ಲಿ ತೂತು ಕೊರೆದು ಓಟ ನಿಲ್ಲಿಸಬೇಕು. ಬಿರುಕನ್ನು ಬುಡದವರೆಗೆ ಕೆತ್ತಿ ತೆಗೆದು, ಉಕ್ಕನ್ನು ಬಿಸಿಮಾಡಿ, ಒಲೆಯಲ್ಲಿ ಒಣಗಿಸಿದ ಲೋ ಹೈಡ್ರೋಜನ್ ರಾಡುಗಳಿಂದ ತುಂಬಬೇಕು. ಕೊನೆಗೆ ಬೆಸುಗೆಯ ಅಂಚನ್ನು ಗ್ರೈಂಡರಿನಿಂದ ನುಣುಪು ಮಾಡಬೇಕು. ಅರ್ತಿಂಗ್ ಕ್ಲ್ಯಾಂಪು ಬೆಸುಗೆಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಕರೆಂಟು ರೋಲರು, ಬೇರಿಂಗುಗಳ ಮೂಲಕ ಹಾದು ಅವನ್ನು ಕೆಡಿಸುತ್ತದೆ.

ಚೈನಿನ ಬಿಗಿಯ ಬಗ್ಗೆಯೂ ಒಂದು ಮಾತು. ಯಾದಗಿರಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಸ್ಪ್ರಾಕೆಟಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಚೈನನ್ನು ತಾನೇ ಬಿಗಿಮಾಡುತ್ತದೆ. ಆದ್ದರಿಂದ ಗಾಡಿ ಕೆಲಸ ಮಾಡುವ ಮಣ್ಣಿನಲ್ಲೇ ಜೋಲನ್ನು ಅಳೆಯಬೇಕು, ಶೆಡ್ಡಿನಲ್ಲಿ ತೊಳೆದು ನಿಲ್ಲಿಸಿ ಅಲ್ಲ. ಸಂಜೆ ಕೆಲಸ ಮುಗಿದ ಮೇಲೆ ಮಣ್ಣು ಕೆರೆದು ತೆಗೆಯುವುದು ಹೆಲ್ಪರ್ ಹುಡುಗನ ಚಿಲ್ಲರೆ ಕೆಲಸವಲ್ಲ. ಬಿರುಕು ಕಣ್ಣಿಗೆ ಬೀಳುವುದು ಆಗಲೇ.

ಆಪರೇಟರಿನ ಕೈಯಲ್ಲಿ ಇರುವುದು ಇನ್ನೂ ಹೆಚ್ಚು. ಬಿಗಿದ ಫ್ರೇಮಿನ ಗಾಡಿ ಕೊಟ್ಟಾಗ ನಾನು ಅವರಿಗೆ ಹೇಳುವುದು ಮೂರು ಮಾತು: ದಿಬ್ಬವನ್ನು ನಿಧಾನಕ್ಕೆ ದಾಟಿ, ಹಿಮ್ಮುಖವಾಗಿ ಜೋರಾಗಿ ಓಡಿಸಬೇಡಿ, ಮುಂದೆ ನೀವೇ ನಡೆಯಬೇಕಾದ ದಾರಿಯನ್ನು ಮೊದಲು ಬ್ಲೇಡಿನಿಂದ ಹಸನು ಮಾಡಿಕೊಳ್ಳಿ. ಕೊನೆಯ ಮಾತನ್ನು ಪಾಲಿಸಿದವರ ಗಾಡಿಗಳು ಶೆಡ್ಡಿಗೆ ಬರುವುದೇ ಕಡಿಮೆ.

ಕೆಲಸಕ್ಕೆ ಯಂತ್ರ ಕೇಳುವ ಪತ್ರಗಳಲ್ಲಿ ಟನ್ನು, ಗಂಟೆ, ದರ ಮೂರೇ ಇರುತ್ತವೆ. ಅದಕ್ಕೆ ಇನ್ನೆರಡು ಸಾಲು ಸೇರಲಿ: ನೆಲ ಎಂಥದು, ಫ್ರೇಮು ಎಂಥದು. ಬಂಡೆಯೋ ಎರೆಯೋ ಮೊರಂ ಮಣ್ಣೋ ಎಂದು ಬರೆಯಲು ಒಂದು ನಿಮಿಷ ಸಾಕು, ಅದನ್ನು ಓದಿ ಸರಿಯಾದ ಗಾಡಿ ಕಳಿಸಲು ಇನ್ನೊಂದು ನಿಮಿಷ ಸಾಕು. ಡಿಪ್ಲೊಮಾ ಮುಗಿಸಿ ಈ ಕಸುಬಿಗೆ ಬರುವ ಹುಡುಗರಿಗೆ ನನ್ನ ಮನವಿಯೂ ಅದೇ. ಎಂಜಿನ್ ಕಲಿಯಿರಿ, ಹೈಡ್ರಾಲಿಕ್ಸ್ ಕಲಿಯಿರಿ, ಆದರೆ ಹೊಸ ಗಾಡಿ ಬಂದ ದಿನ ಮೊದಲು ಅದರ ಅಡಿಗೆ ಬಗ್ಗಿ ನೋಡಿ. ಅಲುಗುವ ಕೀಲು ಎಲ್ಲಿದೆ, ಇಲ್ಲದಿದ್ದರೆ ಅದರ ಪಾಲಿನ ಏಟನ್ನು ಯಾವ ಬೆಸುಗೆ ತಿನ್ನುತ್ತದೆ ಎಂದು ಗುರುತು ಮಾಡಿಕೊಳ್ಳಿ. ಅಷ್ಟು ಗೊತ್ತಿದ್ದರೆ ಗಾಡಿಯ ಆಯಸ್ಸೂ ಉಳಿಯುತ್ತದೆ, ಅದರ ಮೇಲೆ ಕೂತು ದುಡಿಯುವವರ ಬೆನ್ನೂ ಉಳಿಯುತ್ತದೆ.